ಮಾವ, ಟ್ರೈಲರು ಮತ್ತು ಒಂದು ಚೊಂಬು ನೀರು

ಲೋಕದಲ್ಲಿ ಎಲ್ಲರೂ ದೋಣಿಗೋಸ್ಕರ ಟ್ರೈಲರು ಇಟ್ಟುಕೊಂಡರೆ, ನಮ್ಮ ಸೋದರಮಾವ ಟ್ರೈಲರಿಗೋಸ್ಕರ ದೋಣಿ ಇಟ್ಟುಕೊಂಡಿದ್ದಾರೆ! ನಂಬುವುದಿಲ್ಲವೇ? ಗೊರೂರು ಅಣೆಕಟ್ಟೆಯ ಹಿನ್ನೀರಿನ ದಡಕ್ಕೆ ಬಂದು ನೋಡಿ. ದೋಣಿಯ ಬಣ್ಣ ಎದ್ದುಹೋಗಿದೆ. ಅದನ್ನು ಹೊತ್ತ ಟ್ರೈಲರು ಮಾತ್ರ ಮದುವಣಗಿತ್ತಿಯ ಹಾಗೆ ಮಿಂಚುತ್ತಿರುತ್ತದೆ.

ಮಾವನ ಮನೆ ಈಚೆ ದಡದಲ್ಲಿ, ತೆಂಗಿನ ತೋಟ ಆಚೆ ದಡದಲ್ಲಿ. ಹಿನ್ನೀರು ಮಳೆಗಾಲದಲ್ಲಿ ಹತ್ತಿರ ಬರುತ್ತದೆ, ಬೇಸಿಗೆಯಲ್ಲಿ ದೂರ ಸರಿಯುತ್ತದೆ. ದಡದಲ್ಲಿ ಬಿಟ್ಟ ದೋಣಿ ಕೆಸರಿನಲ್ಲಿ ಹೂತುಹೋಗುತ್ತದೆ. ಅದಕ್ಕೇ ಹೊಳೆನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೈಲರು ಮಾಡಿಸಿ, ಜೀಪಿಗೆ ಕಟ್ಟಿ ಎಳೆದೊಯ್ಯುತ್ತಿದ್ದರು. ಅಲ್ಲಿಯವರೆಗೆ ಯಾವ ಹುಚ್ಚೂ ಇರಲಿಲ್ಲ. ಹೋದ ವರ್ಷ ಅತ್ತೆ ದೋಣಿ ಹತ್ತುವಾಗ ಕೆಸರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸನದಲ್ಲಿ ಆಪರೇಷನ್ ಆಗಿ ನಡೆಯುವಂತಾದರು ನಿಜ. ಆದರೆ "ಆ ಕೆಸ್ರಿಗೆ ಇನ್ನು ಕಾಲಿಡಾಕಿಲ್ಲ" ಎಂದುಬಿಟ್ಟರು. ತೋಟದ ಒಂದೊಂದು ಸಸಿಯನ್ನೂ ನೆಟ್ಟವರು ಅವರೇ! ಮಾವ ಗ್ರೀಸ್ ಡಬ್ಬಿ ಹಿಡಿದು ಟ್ರೈಲರಿನಡಿ ಮಲಗಿದರು.

ಅಂದಿನಿಂದ ಶುರುವಾಯಿತು ನೋಡಿ! ಮಾವನ ಮಗಳನ್ನು ನೋಡಲು ಅರಕಲಗೂಡಿನಿಂದ ಗಂಡಿನ ಕಡೆಯವರು ಬಂದ ದಿನ ಹಾಸಲು ಜಮಖಾನವೇ ಇಲ್ಲ. ಹುಡುಕಿದರೆ, ಮಾವ ಟ್ರೈಲರಿನಲ್ಲಿ ದೋಣಿ ಜಾರುವ ಹಲಗೆಗಳಿಗೆ ಅದನ್ನು ಅಚ್ಚುಕಟ್ಟಾಗಿ ಸುತ್ತಿ ಮೊಳೆ ಹೊಡೆದಿದ್ದಾರೆ!

"ಬೀಗ್ರು ಯಾತುರ್ ಮ್ಯಾಲೆ ಕೂರ್ಬೇಕು?" ಎಂದು ಅತ್ತೆ ಸಿಡಿದರು.

"ದೋಣಿ ತಳ ಉಜ್ಜಬಾರ್ದಲ್ವೇನೆ? ಬೀಗ್ರೇನು ಜಾರ್ಕಂಡು ನೀರಿಗಿಳೀತಾರಾ?"

ಬೀಗರು ಚಾಪೆಯ ಮೇಲೆ ಕೂತರು. ಗಂಡಿನ ತಂದೆ ಹೆಣ್ಣಿಗಿಂತ ಹೆಚ್ಚು ಹೊತ್ತು ಟ್ರೈಲರನ್ನೇ ನೋಡಿದರು. ಸಂಬಂಧ ಕುದುರಿತು.

ಚನ್ನರಾಯಪಟ್ಟಣದಲ್ಲಿ ಮದುವೆ. ಧಾರೆಯ ಹೊತ್ತಿಗೆ ಹೆಣ್ಣಿನ ಅಪ್ಪನೇ ಇಲ್ಲ! ಓಡಿ ಹೋಗಿ ನೋಡಿದರೆ, ಛತ್ರದ ಹಿಂದೆ ಶಾಮಿಯಾನದವರ ಟ್ರೈಲರಿನ ಚಕ್ರ ಬಿಚ್ಚಿಕೊಂಡು ರೇಷ್ಮೆ ಪಂಚೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ.

"ಮಾವ, ಮುಹೂರ್ತ ಮೀರ್ತಾ ಐತೆ!"

"ಇದ್ರ ಬೇರಿಂಗು ಅಳ್ತಾ ಐತೆ ಕಣ್ಲಾ! ನಿಂಗೆ ಕೇಳಿಸಾಕಿಲ್ವಾ?"

ಎಳೆದುಕೊಂಡು ಬಂದೆ. ಮಾವ ಭಕ್ತಿಯಿಂದ ಅಳಿಯನ ಪಾದ ತೊಳೆದರು. ತೊಳೆದ ಮೇಲೆ ಪಾದ ಮೊದಲಿಗಿಂತ ಕಪ್ಪಾಗಿತ್ತು!

ಇನ್ನು ಚೊಂಬಿನ ಪರೀಕ್ಷೆ. ಟ್ರೈಲರನ್ನು ನೀರಿನಂಚಿಗೆ ತಂದು, ದೋಣಿಯಲ್ಲಿ ಕೂರುವ ಹಲಗೆಯ ಮೇಲೆ ತುಂಬಿದ ಚೊಂಬು ಇಟ್ಟು, ಹಗ್ಗ ಸಡಿಲಿಸಿ ದೋಣಿಯನ್ನು ಜಾರಿಸುವುದು. ಒಂದು ಹನಿಯೂ ಚೆಲ್ಲಬಾರದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಮಾಡಿದವರು ಮಾವನ ಚೊಂಬು ನೋಡಿರಲಿಲ್ಲ! ಅದು ದಿನಾ ತುಳುಕಿತು. ಮಾವ ದಿನಾ ಟ್ರೈಲರಿನ ಉರುಳೆ ಬಿಚ್ಚಿ, ಉಜ್ಜಿ, ಕೊಬ್ಬರಿ ಎಣ್ಣೆ ಸವರಿದರು. ಬಲೆ ಹಾಕುವವರು "ಏನಣ್ಣೋ, ಚೊಂಬನ್ನ ದೋಣೀಲಿ ಊರು ಸುತ್ತುಸ್ತೀಯಾ?" ಎಂದು ಆಡಿಕೊಂಡರು. "ಊಂ ಕಣ್ಲಾ, ನಿಮ್ಮಪ್ಪನ್ ಗಂಟೇನು ಓಯ್ತದೆ?" ಎಂದು ಮಾವ ಮತ್ತೆ ಟ್ರೈಲರಿನಡಿ ತೂರಿದರು. ಅತ್ತೆಗೆ ಎಣ್ಣೆಯ ಸೀಸೆ ಬಚ್ಚಿಡುವುದೇ ಒಂದು ಕೆಲಸವಾಯಿತು.

ಒಂದು ಬೆಳಗ್ಗೆ ಚೊಂಬು ತುಳುಕಲಿಲ್ಲ. ಮಾವ ಮನೆಗೆ ಬಂದು ಅತ್ತೆಯನ್ನು ಜೀಪಿನಲ್ಲಿ ಕೂರಿಸಿ, ಓಡಿಸಲು ನನ್ನನ್ನು ಕರೆದರು. ದಡದ ಮೇಲೆ, ಒಣನೆಲದಲ್ಲಿ, ಟ್ರೈಲರಿನ ಪಕ್ಕ ದೋಣಿಗೆ ಹತ್ತಲು ಮೆಟ್ಟಿಲಿನ ಹಾಗೆ ಒಂದು ಮಣೆ, ಅದರಾಚೆ ಒಂದು ಸ್ಟೂಲು ಸಿದ್ಧವಾಗಿತ್ತು.

"ನಾನು ಕೆಸ್ರಿಗೆ ಇಳಿಯಾಕಿಲ್ಲ ಅಂದಿವ್ನಿ" ಎಂದರು ಅತ್ತೆ.

"ನಿನ್ನ ಯಾರು ಇಳೀ ಅಂದ್ರು? ಇಲ್ಲೇ ದೋಣಿ ಅತ್ತಿ ಕೂತ್ಕೊ. ಕೆಸ್ರಿಗೆ ನಾನಿಳೀತೀನಿ."

ಮಾವ ಅತ್ತೆಯ ಕೈಹಿಡಿದು ಹತ್ತಿಸಿ, ಚೊಂಬು ಇಡುತ್ತಿದ್ದ ಜಾಗದಲ್ಲೇ ಅವರನ್ನು ಕೂರಿಸಿದರು. ಆಗ ನನಗೆ ಎಲ್ಲವೂ ಅರ್ಥವಾಯಿತು. ನಾನು ಟ್ರೈಲರು ಕಟ್ಟಿದ ಜೀಪನ್ನು ಮೆಲ್ಲಗೆ ನೀರಿನ ಕಡೆಗೆ ಹಿಂದಕ್ಕೆ ಬಿಟ್ಟೆ. ಮಾವ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹಗ್ಗ ಸಡಿಲಿಸಿದರು. ಅತ್ತೆ ಎರಡೂ ಕೈಯಲ್ಲಿ ಹಲಗೆ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿಕೊಂಡೇ ಗದರಿದರು: "ಅದ್ಯಾವಾಗ ನೀರಿಗೆ ಬುಡ್ತೀರೋ ಬುಡಿ ಅತ್ಲಾಗೆ!"

"ಬುಟ್ಟು ಆಗ್ಲೇ ಒತ್ತಾಯ್ತು ಕಣೆ. ಕಣ್ ಬುಡು" ಎಂದರು ಮಾವ.

ಅತ್ತೆ ಕಣ್ಣು ಬಿಟ್ಟರು. ಸುತ್ತಲೂ ನೀರು, ಎದುರಿಗೆ ಅವರ ತೋಟ. ಸೆರಗಿನಿಂದ ಮುಖ ಒರೆಸಿಕೊಂಡರು. ಬಲೆ ಹಾಕುವವರು ಕೈಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಜೀಪಿನಿಂದ ಧುಮುಕಿ, ಆಚೆ ದಡಕ್ಕೂ ಕೇಳಲಿ ಎಂದು ಕೂಗಿಬಿಟ್ಟೆ: "ನೋಡ್ರಲಾ, ಅವ್ರು ನಮ್ಮಾವ ಕಣ್ರಲಾ!"