ಭಾವನ ಸನ್ಯಾಸಿ ಹಕ್ಕಿ

ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಮ್ಮ ಭಾವನ ಮನಸ್ಸು ಒಬ್ಬ ಸನ್ಯಾಸಿಯ ಮೇಲೆ ಹೋಯಿತು. ಅಕ್ಕ ಗಾಬರಿಯಾಗಲಿಲ್ಲ. ಏಕೆಂದರೆ ಆ ಸನ್ಯಾಸಿ ಇದ್ದದ್ದು ಮೆಕ್ಸಿಕೋದ ಕಡೆಯ ಮಳೆಕಾಡಿನಲ್ಲಿ. ತೂಕ ಒಂದು ಹಿಡಿ ಅವಲಕ್ಕಿಗಿಂತ ಕಡಿಮೆ.

ಅದೊಂದು ಹಮ್ಮಿಂಗ್‌ಬರ್ಡ್. ಇಂಗ್ಲಿಷಿನಲ್ಲಿ ಅದರ ಹೆಸರಿನ ಅರ್ಥವೇ ಸನ್ಯಾಸಿ. ಬಣ್ಣ ಮಾಸಲು ಕಂದು, ಕೊಕ್ಕು ಬಾಗಿದ ದಬ್ಬಣ. ಗಂಡುಗಳೆಲ್ಲ ಒಂದೆಡೆ ಸೇರಿ, ಹಾಡುತ್ತ, ಹೆಣ್ಣುಗಳಿಗಾಗಿ ಬಾಲ ಅಲ್ಲಾಡಿಸುವುದೇ ಅದರ ತಪಸ್ಸು!

ನಾನಾಗ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಭಾವ, ಕಾಫಿ ಬಿಟ್ಟಿ ಎಂದು ಯಾವುದೋ ಉಪನ್ಯಾಸಕ್ಕೆ ನುಗ್ಗಿದರು, ಹೊರಬರುವಷ್ಟರಲ್ಲಿ ಈ ಹಕ್ಕಿಯ ಭಕ್ತರಾಗಿದ್ದರು. (ಕಾಫಿಯಲ್ಲ, ಬಿಸ್ಕತ್ತು ಎಂದು ಅಕ್ಕ ತಿದ್ದುತ್ತಾಳೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ.)

ಊರಿಗೆ ಊರೇ ಡಾಟ್-ಕಾಂ ಶೇರು ಜಪಿಸುತ್ತಿದ್ದ ಕಾಲ. ಯೂನಿಯನ್ ಸಿಟಿಯ ಅವರ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದ ಮಂಡ್ಯದ ಗೆಳೆಯರೊಬ್ಬರು, "ನಿಮ್ ಕಂಪ್ನಿ ಐಪಿಓ ಯಾವಾಗ ಸಾರ್?" ಎಂದರು.

"ಮೆಕ್ಸಿಕೋ ಕಡೇ ಸನ್ಯಾಸಿಗೆ ಹೊಟ್ಟೆ ಒಂಥರಾ ಕಂದು, ಪನಾಮಾ ಕಡೇದಕ್ಕೆ ಇನ್ನೊಂಥರಾ ಕಂದು," ಎಂದರು ಭಾವ.

"ಏನ್ ವ್ಯತ್ಯಾಸ ಸಾರ್?"

"ನಿಮ್ಗೂ ನಮ್ ಹಾಸನದೋರ್ಗೂ ಇರೋ ಅಷ್ಟೇ. ನೋಡಿದ್ರೆ ಗೊತ್ತಾಗಲ್ಲ, ಬಾಯಿ ಬಿಟ್ರೆ ಗೊತ್ತಾಗುತ್ತೆ."

ಗೆಳೆಯರು ಆಮೇಲೆ ಬಾಯಿ ಬಿಟ್ಟದ್ದು ಪಾಯಸಕ್ಕೆ ಮಾತ್ರ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಭಾವ ಹಕ್ಕಿಯ ಮಾತು ಕೇಳಿ ಮಗಳನ್ನು ಬೆಳೆಸಲು ಹೊರಟರು! ಐದು ವರ್ಷದ ಪುಟ್ಟಿಗೆ ಕನ್ನಡ ಅರ್ಥವಾಗುತ್ತಿತ್ತು; ಬಾಯಿಂದ ಬರುವುದೆಲ್ಲ ಇಂಗ್ಲಿಷು. ಹಾಸನದಲ್ಲಿದ್ದ ಭಾವನ ತಾಯಿಗೋ ಕಿವಿ ಮಂದವಾಗುತ್ತ ಬಂದಿತ್ತು. "ಪೂರ್ತಿ ಹೋಗೋಕ್ ಮುಂಚೆ ಮಗು ಬಾಯಲ್ಲಿ ಒಂದ್ ಮಾತು ಕೇಳಿಸ್ರೋ" ಎಂದು ಶನಿವಾರದ ಫೋನಿನಲ್ಲಿ ಬೇಡುತ್ತಿದ್ದರು. ಅಕ್ಕ ಗೋಡೆಗೆ ಅಕ್ಷರಮಾಲೆ ಅಂಟಿಸಿ ದಿನಾ ಹೇಳಿಸುತ್ತಿದ್ದಳು. ಭಾವ ಅದನ್ನು ಕಿತ್ತರು.

"ಎಳೇ ಹಕ್ಕಿಗೆ ಯಾರೂ ಪಾಠ ಹೇಳಲ್ಲ ಕಣೇ. ಹಾಡೋ ಹಕ್ಕಿ ಪಕ್ಕ ಸುಮ್ನೆ ಕೂತು ಕೇಳ್ತಾ ಕೇಳ್ತಾ ಕಲಿಯುತ್ತೆ."

"ಹಾಗಾದ್ರೆ ನೀವೇ ಹಾಡಿ. ಮನೇಲಿ ಎಲ್ಲಿ ಇರ್ತೀರಾ?"

ಇರುತ್ತಿರಲಿಲ್ಲ, ಆಫೀಸು ಅವರನ್ನು ನುಂಗಿತ್ತು. ಹಾಗಾಗಿ ಡೇಕೇರು ಬಿಡಿಸಿ, ಪುಟ್ಟಿಯನ್ನು ಕೆಳಗಿನ ಮನೆಯ ಧಾರವಾಡದ ಅಜ್ಜಿಯ ಪಕ್ಕ ಕೂರಿಸಿದರು. ಆ ಅಜ್ಜಿ ಉಪ್ಪು ಕೇಳಿದರೂ ಫ್ರೀವೇ ಆಚೆಗೆ ಕೇಳಿಸಬೇಕು! ತಿಂಗಳುಗಳು ಕಳೆದವು. ಪುಟ್ಟಿಯ ಇಂಗ್ಲಿಷು ಜೋರಾಯಿತು, ಅಷ್ಟೆ. ಭಾವ ಅಕ್ಷರಮಾಲೆಯನ್ನು ಮತ್ತೆ ಅಂಟಿಸಲು ಟೇಪು ಹುಡುಕುತ್ತಿದ್ದುದನ್ನು ನಾನೇ ಕಂಡೆ.

ಮರು ಶನಿವಾರ ಬೆಳಿಗ್ಗೆ, ಎಂದಿನಂತೆ, ಫೋನಿನ ಸ್ಪೀಕರು ಒತ್ತಿ ಪುಟ್ಟಿಯನ್ನು ಮುಂದೆ ನಿಲ್ಲಿಸಿದೆವು. ಅವಳು ಸೊಂಟಕ್ಕೆ ಕೈಯಿಟ್ಟು ಕೂಗಿದಳು:

"ಅಜ್ಜೀ, ಊಟ ಆತೇನ್ರೀ? ಏನ್ ಮಾಡೀರಿ?"

"ನಮ್ಮ ವಂಶದಲ್ಲೇ ಇಲ್ಲದ ಪ್ರಭೇದ," ಎಂದು ಗೊಣಗಿದಳು ಅಕ್ಕ.

ಆ ಕಡೆಯಿಂದ ಹಾಸನದ ದನಿ: "ಯಾವೂರೋಳಪ್ಪಾ ಇದು?" ಮೂಗು ಒರೆಸಿಕೊಂಡ ಸದ್ದು. "ಯಾವೂರೋಳಾದ್ರೂ ಆಗ್ಲಿ. ನಿಮ್ಗಳ ಮಾತು ಅರ್ಧನೂ ಕೇಳ್ಸಲ್ಲ ಕಣೋ. ಇವಳ್ದು ಪೂರ್ತಿ ಕೇಳ್ಸ್ತು. ಉಪ್ಸಾರು ಮಾಡಿದೀನಿ ಮಗಾ. ಇನ್ನೊಂದ್ಸಲ ಕೇಳು."

ಪುಟ್ಟಿ ಇನ್ನೊಂದು ಸಲ ಕೂಗಿದಳು. ಭಾವ ಅವಳ ಪಕ್ಕ ನೆಲದ ಮೇಲೆ, ಎಳೇ ಹಕ್ಕಿಯ ಹಾಗೆ, ಸುಮ್ಮನೆ ಕೂತು ಕೇಳುತ್ತಿದ್ದರು.