ಹೀಟರ್ ಕಿತ್ತ ಸೊಸೆ, ನೊರೆ ಕಾರಿದ ಕಾರು

"ಆ ಹೀಟರನ್ನ ನಾನೇ ಕಿತ್ತು ಹಾಕ್ತೀನಿ. ನೋಡ್ತಾ ಇರಿ!"

ಹನ್ನೊಂದು ತಿಂಗಳ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆ ಈ ಘೋಷಣೆ ಹೊರಡಿಸಿದಳು. ಗಂಡನ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುವ ಅರ್ಧದಾರಿಯಲ್ಲೇ ನಿಂತಿತು. ಮಾವನ ಉಸಿರೇ ನಿಂತಿತು!

ನಿಲ್ಲದೆ ಏನು? ಹೀಟರ್ ಇದ್ದದ್ದು ಮಾವನ ಪ್ರಾಣಕ್ಕೆ ಪ್ರಾಣವಾದ, ಅವರಿಗಿಂತ ಎರಡೇ ವರ್ಷಕ್ಕೆ ಚಿಕ್ಕದಾದ ಹಸಿರು ಕಾರಿನಲ್ಲಿ. ಭಾನುವಾರ ಹಳೇ ಕಾರುಗಳ ಮೆರವಣಿಗೆ. ಮೊಮ್ಮಗಳನ್ನು ಕೂರಿಸಿಕೊಂಡು ಅದರಲ್ಲಿ ಒಂದು ಪೂರ್ತಿ ಸುತ್ತು ಬರಬೇಕೆಂದು ಅವರು ಆಕೆ ಹುಟ್ಟಿದ ದಿನದಿಂದ ಕಾದಿದ್ದರು. ಅಡ್ಡ ಬಂದದ್ದು ಸೊಸೆಯ ಮೂಗು! ಕಾರಿನೊಳಗೆ ಏನೋ ಸಿಹಿಸಿಹಿ ವಾಸನೆ. ನೋಡಿದರೆ ಡ್ಯಾಶ್‌ಬೋರ್ಡಿನ ಕೆಳಗಿನ ಹೀಟರ್ ಸೋರುತ್ತಿದೆ. ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ಮ್ಯಾಟಿನ ಮೇಲೆ ತೊಟ್ಟಿಕ್ಕುತ್ತಿದೆ. ಅದು ವಿಷವೆಂದು ಆಕೆ ಹದಿನಾಲ್ಕು ಕಡೆ ಓದಿ ಖಚಿತಪಡಿಸಿಕೊಂಡಳು.

"ಅದು ಇರೋ ತನಕ ನನ್ನ ಮಗು ಆ ಕಾರಲ್ಲಿ ಕಾಲಿಡಲ್ಲ!"

"ಕಾಲಿಡೋಕೆ ಅದಕ್ಕಿನ್ನೂ ನಡೆಯೋದೇ ಬರಲ್ವಲ್ಲೇ," ಎಂದ ಗಂಡ.

"ನೀವು ಸುಮ್ನಿರಿ."

"ಗ್ಯಾರೇಜಿನವನು ಎರಡು ವಾರ ಬೇಕು ಅಂತಾನಮ್ಮ," ಎಂದರು ಮಾವ, ಸೋತ ದನಿಯಲ್ಲಿ.

"ನನಗೆ ಎರಡು ಗಂಟೆ ಸಾಕು ಮಾವ!"

ಶುಕ್ರವಾರ ಮಧ್ಯಾಹ್ನ ಮಗು ನಿದ್ದೆಗೆ ಜಾರಿದ್ದೇ ತಡ, ಶಸ್ತ್ರಚಿಕಿತ್ಸೆ ಶುರುವಾಯಿತು. ಗಂಡ ಟಾರ್ಚ್ ಹಿಡಿದ. ಮಾವ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. ಹಳೇ ಕೂಲಂಟ್ ಬಕೆಟ್ಟಿಗೆ ಇಳಿಯಿತು, ಹೀಟರ್ ಹೊರಗೆ ಬಂತು. ಉಳಿದದ್ದು ಎರಡು ಅನಾಥ ರಬ್ಬರ್ ಹೋಸುಗಳು! ಒಂದರಲ್ಲಿ ಇಂಜಿನ್ನಿನ ಬಿಸಿನೀರು ಹೀಟರಿಗೆ ಬರುತ್ತಿತ್ತು, ಇನ್ನೊಂದರಲ್ಲಿ ವಾಪಸು ಹೋಗುತ್ತಿತ್ತು.

"ಈಗ ಎರಡಕ್ಕೂ ಬಿರಡೆ ಜಡಿಯೋದಾ?" ಗಂಡ ಕೇಳಿದ.

"ಬಿರಡೆ ಯಾಕೆ? ಬಂದ ನೀರು ಹಾಗೇ ತಿರುಗಿ ಮನೆಗೆ ಹೋಗಲಿ!"

ಹಳೇ ಹೋಸುಗಳನ್ನು ಕಿತ್ತು, ಇಂಜಿನ್ನಿನ ಎರಡು ಬಾಯಿಗಳ ನಡುವೆ ಬಾಗಿದ ಒಂದೇ ಹೊಸ ಹೋಸ್ ಕೂರಿಸಿ ಕ್ಲಾಂಪ್ ಬಿಗಿದಳು. ಮತ್ತೆ ಬಿಗಿದಳು. ಮುಚ್ಚಿದ ಬಾಗಿಲನ್ನು ನಾಲ್ಕು ಸಲ ಎಳೆದು ನೋಡುವ ಕೈಯದು! ಕ್ಲಾಂಪ್ ಸಡಿಲವಾಗುವುದುಂಟೇ?

ಅಲ್ಲಿಗೆ ನಿಲ್ಲಿಸಿದ್ದರೆ ಚರಿತ್ರೆಯಲ್ಲಿ ಹೆಸರು ಉಳಿಯುತ್ತಿತ್ತು. ಆದರೆ ಬಕೆಟ್ಟಿನ ನೀರು ಕಣ್ಣಿಗೆ ಬಿತ್ತು. ಕಂದು ಬಣ್ಣ, ತುಕ್ಕು, ಜಿಡ್ಡು!

"ಛೀ! ಇಷ್ಟು ಗಲೀಜು ಇಟ್ಕೊಂಡಿರೋ ಕಾರಲ್ಲಿ ಮಗು ಕೂರಬೇಕಾ?"

"ಮಗು ಕೂರೋದು ಸೀಟಲ್ಲಿ ಕಣೇ, ರೇಡಿಯೇಟರಲ್ಲಿ ಅಲ್ಲ!"

ಯಾರು ಕೇಳಬೇಕು? ಮಗುವಿನ ಹಾಲಿನ ಬಾಟಲಿ ತೊಳೆಯುವ ಸೋಪಿನ ದ್ರವ ಬಂತು. ರೇಡಿಯೇಟರಿಗೆ ನೀರು ತುಂಬಿ ಅದನ್ನು ಎರಡು ಮುಚ್ಚಳ ಸುರಿದಳು. ಮಗುವಿನ ಆರೋಗ್ಯ ನೆನಪಾಗಿ ಮೂರನೆಯದನ್ನೂ ಸುರಿದಳು. ಹತ್ತು ನಿಮಿಷ ಇಂಜಿನ್ ಓಡಿತು. ಹೊಸ ಜೋಡಣೆಯಿಂದ ಒಂದು ಹನಿ ಸೋರಲಿಲ್ಲ! ತಣ್ಣಗಾದ ಮೇಲೆ ಸೋಪುನೀರು ಇಳಿಸಿ, ರೇಡಿಯೇಟರಿಗೆ ಪೈಪ್ ಇಟ್ಟು ನೀರು ಹಾಯಿಸಿ, ಹೊಸ ಕೂಲಂಟ್ ತುಂಬಿದಳು. ಮಾವ ಗೋಡೆಯಿಂದ ಈಚೆಗೆ ತಿರುಗಿ, "ಭೇಷ್ ಕಣಮ್ಮ!" ಎಂದರು. ಆ ಸಂಜೆಯೆಲ್ಲ ಆಕೆಯ ಕಾಲು ನೆಲದ ಮೇಲಿರಲಿಲ್ಲ.

ಭಾನುವಾರ. ಮಾವ ಸ್ಟೀರಿಂಗ್ ಹಿಡಿದರು. ಹಿಂದೆ ಮಗುವಿನ ಆಸನದಲ್ಲಿ ಮಹಾರಾಣಿಯಂತೆ ಮಗಳು, ಪಕ್ಕದಲ್ಲಿ ಗಂಡ. ಮುಂದಿನ ಸೀಟಿನಲ್ಲಿ ಸೊಸೆ, ಸೇನಾಧಿಪತಿಯ ಗತ್ತಿನಲ್ಲಿ! ಮೈದಾನದ ಸುತ್ತಿನ ರಸ್ತೆಯಲ್ಲಿ ಅರ್ಧ ಸುತ್ತು ಸೊಗಸಾಗಿ ಆಯಿತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಏನೋ ಬೆಳ್ಳಗೆ ಇಣುಕಿತು.

"ಹೊಗೆ!" ಎಂದು ಮಾವ ಕಾರು ನಿಲ್ಲಿಸಿದರು.

ಹೊಗೆಯಲ್ಲ. ನೊರೆ! ಬಾನೆಟ್ ಎತ್ತಿದರೆ ಇಂಜಿನ್ನೇ ಕಾಣದು. ಬುಸುಬುಸು ಉಕ್ಕಿ ಬಂಪರಿನ ಮೇಲಿಂದ ರಸ್ತೆಗಿಳಿಯಿತು. ಗುಳ್ಳೆಗಳು ಗಾಳಿಗೆ ತೇಲಿದವು. ಮಗಳು ಎರಡೂ ಕೈ ತಟ್ಟಿ ಕೇಕೆ ಹಾಕಿದಳು. ಜನರೂ ಚಪ್ಪಾಳೆ ತಟ್ಟಿದರು, ಇದೂ ಕಾರ್ಯಕ್ರಮದ ಭಾಗವೆಂದು!

ಮೆರವಣಿಗೆಯ ಜೊತೆಗಿದ್ದ ಬಿಳಿಮೀಸೆಯ ಮೆಕ್ಯಾನಿಕ್ ಬಂದು, ಇಂಜಿನ್ ತಣ್ಣಗಾಗುವವರೆಗೆ ಕಾದು, ಬಗ್ಗಿ ನೋಡಿದ.

"ಈ ಹೋಸ್ ಜೋಡಿಸಿದ್ದು ಯಾರು?"

"ನಮ್ಮ ಸೊಸೆ!" ಮಾವನ ದನಿ ಅಷ್ಟರಲ್ಲೂ ಗತ್ತು ಬಿಡಲಿಲ್ಲ.

"ಕೆಲಸ ಚಿನ್ನ ಸ್ವಾಮಿ. ನಾನೇ ಮಾಡಿದ್ರೂ ಹೀಗೇ ಮಾಡ್ತಿದ್ದೆ. ಅಮ್ಮಾ, ಸೋಪು ಹಾಕಿ ಇಂಜಿನ್ ಓಡಿಸಿದಿರಿ ತಾನೇ?"

"ಹೂಂ."

"ಆಮೇಲೆ ಬರೀ ನೀರು ತುಂಬಿ ಓಡಿಸಿದ್ರಾ?"

"ಇಲ್ಲ... ಸುಮ್ನೆ ಹಾಯಿಸಿದೆ."

"ಅಲ್ಲೇ ಆಗಿದ್ದು! ರೇಡಿಯೇಟರೇನೋ ತೊಳೆದು ಹೋಯ್ತು, ಇಂಜಿನ್ ಒಳಗಿನ ಸೋಪು ಅಲ್ಲೇ ಕೂತಿದೆ. ಇವತ್ತು ಇದನ್ನ ಸ್ಟಾರ್ಟ್ ಮಾಡೋ ಹಾಗಿಲ್ಲ."

ಮಾವ ಕೀಲಿ ಜೇಬಿಗಿಳಿಸಿದರು. "ಹೋಗ್ಲಿ ಬಿಡಮ್ಮ, ಅರ್ಧ ಸುತ್ತಾದ್ರೂ ಆಯ್ತಲ್ಲ," ಎಂದು ನಗಲು ನೋಡಿದರು. ಆ ಅರ್ಧ ನಗು ಸೊಸೆಯ ಕರುಳಿಗೆ ಚುಚ್ಚಿತು. ಆಕೆ ತೋಳೇರಿಸಿದಳು.

"ಮಾವ, ನೀವು ಸ್ಟೀರಿಂಗ್ ಹಿಡೀರಿ. ರೀ, ಇಳೀರಿ ಕೆಳಗೆ. ತಳ್ಳೋಣ!"

ಕಾರು ಅಲುಗಿತು, ಉರುಳಿತು. ನೊರೆ ಮೆತ್ತಿದ ಅಂಗೈ, ಜಾರುವ ಚಪ್ಪಲಿ, ಪಕ್ಕದಲ್ಲಿ ಏದುಸಿರು ಬಿಡುವ ಗಂಡ! ಆದರೂ ಸೊಸೆ ಹಲ್ಲು ಕಚ್ಚಿ ತಳ್ಳಿದಳು. ಕೊನೆಯ ತಿರುವಿನ ಇಳಿಜಾರಿನಲ್ಲಿ ಕಾರು ನಾಲ್ಕು ಹೆಜ್ಜೆ ಜೋರಾಗಿ ಓಡಿದ್ದೇ ತಡ, ಮಾವ ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಗದರಿದರು:

"ಏನಮ್ಮಾ ಇದು ಅವಸರ! ನಿಧಾನ ತಳ್ಳು, ಒಳಗೆ ಮಗು ಇದೆ!"