ಲೈಬ್ರರಿಯಲ್ಲಿ ಕಥಾ

ಗುರುಬಸವನಿಗೆ ಆ ಶನಿವಾರ ಒದಗಿದ ಫಜೀತಿಗೆಲ್ಲ ಮೂಲ ಒಂದೇ ಒಂದು ಅಕ್ಷರ. 'ಕತೆ' ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಆತ 'ಕಥಾ' ಎಂದು ಬರೆದ.

ಮಗಳು ಸ್ನೇಹಲ್ ಓದುವ, ಮುಂಬೈಯ ಘಾಟ್ಕೋಪರದ ಶಾಲೆಯ ಲೈಬ್ರರಿ ಮಕ್ಕಳನ್ನಷ್ಟೇ ಅಲ್ಲ, ಮನೆಮಂದಿಯನ್ನೂ ಬಿಡುತ್ತಿರಲಿಲ್ಲ. ತಿಂಗಳ ಮೊದಲ ಶನಿವಾರ ಅಪ್ಪ-ಅಮ್ಮಂದಿರಿಗೂ ಮನೆಗೊಯ್ಯಲು ಪುಸ್ತಕ. ಇನ್ನೊಂದು ಶನಿವಾರ ಎಲ್ಲರೂ ಕೂಡಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚುವುದು. ಇವೆರಡಕ್ಕೂ ಗುರುಬಸವ ತಪ್ಪದೆ ಹೋಗುತ್ತಿದ್ದ. ಅಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಕಂಟಕವಿದ್ದದ್ದು ಕೊನೆಯ ಶನಿವಾರದಲ್ಲಿ. ಅಂದು ಯಾವುದಾದರೊಂದು ಮನೆಯವರು ಬಂದು ತಮ್ಮ ಮನೆಮಾತಿನಲ್ಲಿ ಮಕ್ಕಳಿಗೆ ಕತೆ ಹೇಳಬೇಕು. ಈ ತಿಂಗಳು ಕನ್ನಡದ ಪಾಳಿ. ಇಡೀ ತರಗತಿಯಲ್ಲಿ ಕನ್ನಡದ ಮನೆ ಎಂದರೆ ವಿಜಯಪುರದಿಂದ ಬಂದ ಇವರದ್ದೊಂದೇ.

ಗುರುಬಸವ ಜೋಗೇಶ್ವರಿಯ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಸುಪರ್‌ವೈಸರ್. ಮಷೀನಿನ ಸದ್ದನ್ನೂ ಮೀರಿ ಕೂಗುವ ಗಂಟಲು. ಆದರೆ ನಾಲ್ಕು ಜನ ಸುಮ್ಮನೆ ಕೂತು ತನ್ನತ್ತ ನೋಡಿದರೆ ಸಾಕು, ಅವನ ಬಾಯಿ ಕಿಕ್ಕಿರಿದ ಸಂಜೆಯ ಲೋಕಲ್‌ನಂತಾಗುತ್ತಿತ್ತು. ಒಳಗಿದ್ದದ್ದು ಏನು ಮಾಡಿದರೂ ಹೊರಗೆ ಇಳಿಯುತ್ತಿರಲಿಲ್ಲ. ತಂಗಿಯ ಮದುವೆಯಲ್ಲಿ ಮೈಕ್ ಕೈಗೆ ಕೊಟ್ಟಾಗ "ಹಲೋ, ಹಲೋ" ಎಂದಷ್ಟೇ ಹೇಳಿ ಕೂತವನು. ಶಾಲೆಯವರು ಹಿಂದೊಮ್ಮೆ ಕರೆದಾಗ ಓವರ್‌ಟೈಮಿನ ಹಿಂದೆ ಅಡಗಿಕೊಂಡಿದ್ದ. ಈ ಸಲ ಸ್ನೇಹಲ್ ಮೊದಲೇ ಎಚ್ಚರಿಸಿದ್ದಳು.

"ಪಪ್ಪಾ, ನೀವು ಬರ್ಲಿಲ್ಲ ತೋ ಕಟ್ಟಿ. ಪಕ್ಕಾವಾಲಾ ಕಟ್ಟಿ!"

ಕಟ್ಟಿ ಎಂದರೆ ಮಾತು ಬಂದ್. ಮಗಳು ಮಾತು ಬಿಟ್ಟ ಮನೆಯಲ್ಲಿ ಗುರುಬಸವನಿಗೆ ರೊಟ್ಟಿ ಗಂಟಲಿಳಿಯುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಹೆಂಡತಿ ವೈಶಾಲಿ ಸಯನ್‌ಗೆ ಡ್ಯೂಟಿಗೆ ಹೊರಟಳು. ಅವಳ ಬೆನ್ನು ಮರೆಯಾದದ್ದೇ ಗುರುಬಸವ ಫೋನು ಕೈಗೆತ್ತಿಕೊಂಡ. ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪಿನಲ್ಲಿ ತನಗೆ ಬರುವ ಹಿಂದಿಯಲ್ಲಿ ಬರೆದ: "ಆಜ್ ಗ್ಯಾರಾ ಬಜೇ ಸ್ಕೂಲ್ ಲೈಬ್ರರಿ ಮೇ ಮೇರಾ ಕಥಾ ಹೈ. ಪೆಹಲೀ ಬಾರ್ ಹೈ. ಪ್ಲೀಸ್ ಹೆಲ್ಪ್."

ಮುಂಬೈಯ ಬಿಲ್ಡಿಂಗಿನಲ್ಲಿ 'ಇವತ್ತು ನಮ್ಮಲ್ಲಿ ಕಥಾ' ಎಂದರೆ ಅರ್ಥ ಒಂದೇ: ಸತ್ಯನಾರಾಯಣ ಪೂಜೆ, ಕೊನೆಗೆ ಶಿರಾದ ಪ್ರಸಾದ. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಎಷ್ಟೊಂದು ಗೌರವ ಎಂದುಕೊಂಡು ಗುರುಬಸವ ಚಹಾಕ್ಕೆ ಖಾರಿ ಬಿಸ್ಕಿಟ್ ಅದ್ದಿದ. ಅದು ಬಾಯಿಗೆ ತಲುಪುವ ಮುನ್ನ ಕೆಳಗಿನ ಮನೆಯ ಮಲ್ಲಕ್ಕ ಒಳಗೆ ನುಗ್ಗಿದರು.

"ಏ ಏ ಏ, ಗುರುಬಸವಾ! ಇಡು ಕೆಳಗ! ಕಥಾ ಮುಗಿಯೂತನಾ ಹೊಟ್ಟಿಗೇನೂ ಹಾಕಬಾರ್ದು."

"ಚಹಾನೂ ಬ್ಯಾಡೇನ್ರಿ, ಮಲ್ಲಕ್ಕಾ?"

"ಖಾಲಿ ಹೊಟ್ಟಿದ್ರಽ ಫಲ." ಚಹಾದ ಕಪ್ಪು ಮಲ್ಲಕ್ಕನ ಕೈಗೆ ಹೋಗಿ ಅಲ್ಲೇ ಖಾಲಿಯಾಯಿತು.

ಬರಿಹೊಟ್ಟೆಯಲ್ಲಿ ದನಿ ಸ್ವಚ್ಛ ಬರುತ್ತದೇನೋ ಎಂದುಕೊಂಡ ಗುರುಬಸವ.

"ಐದೂ ಅಧ್ಯಾಯ ಹೌದಲ್ಲೋ?"

"ಐದಾ? ಸಣ್ಣದೊಂದು ಸಾಕಂದಾರ್ರೀ ಮಿಸ್ಸು. ಹುಡುಗೂರು ಬ್ಯಾಸರ ಮಾಡ್ಕೋತಾವಂತ."

"ಅರ್ಧಾ ಹೇಳಿ ಎದ್ರ ಪಾಪ ಹತ್ತತೈತಿ! ಅವ್ರಿಗೇನು ತಿಳೀತೈತಿ? ವೈಶಾಲಿ ಎಲ್ಲಿ?"

"ಡ್ಯೂಟಿಗೆ ಹೋಗ್ಯಾಳ."

"ಅಯ್ಯ! ಹೇಣ್ತಿ ಇಲ್ದ ಹ್ಯಾಂಗ ಕೂಡ್ತಿ? ಇರ್ಲಿ, ತಗೋ ಈ ಅಡಿಕಿ. ಬಾಜೂಕ ಇಟ್ಕೊಂಡು ಕೂಡು. ಇದನ್ನಽ ವೈಶಾಲಿ ಅಂತ ತಿಳ್ಕೋ."

ಸಭಾಕಂಪನಕ್ಕೆ ಊರ ಕಡೆಯ ಮದ್ದಿರಬೇಕು ಎಂದು ಗುರುಬಸವ ಅಡಿಕೆಯನ್ನು ಭಕ್ತಿಯಿಂದ ಕಿಸೆಗೆ ಇಳಿಸಿದ. ಮಲ್ಲಕ್ಕ ಹೇಳಿದರೆಂದು ಧೋತರವನ್ನೂ ಉಟ್ಟ. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಪ್ರೀತಮ್, ಹೆಗಲ ಮೇಲೆ ಬಾಳೆಗಿಡ ಹೊತ್ತು ಬಂದ. "ಗುರು ಭಾಯ್, ಯೇ ಕಿಧರ್ ಬಾಂಧನೇಕಾ?"

ಗುರುಬಸವ ಹೇಳಬೇಕೆಂದಿದ್ದದ್ದು ಒಂದು ನರಿಯ ಕತೆ. ಕಾಡಿನ ದೃಶ್ಯಕ್ಕೆ ಆದೀತು ಎಂದು ಬಾಳೆಗಿಡವನ್ನೂ ಒಪ್ಪಿಕೊಂಡ.

ಗುರುಬಸವ, ಪ್ರೀತಮ್ ಇಬ್ಬರೂ ಬಾಳೆಗಿಡದೊಂದಿಗೆ ಶಾಲೆಯ ಗೇಟಿನಲ್ಲಿ ರಿಕ್ಷಾ ಇಳಿದಾಗ ಹಿಂದೆ ಇನ್ನೊಂದು ರಿಕ್ಷಾ. ಅದರಿಂದ ಮಲ್ಲಕ್ಕ, ಶಿರಾದ ಪಾತೇಲಿ ಮತ್ತು ಮಡಿಯುಟ್ಟ ಮರಾಠಿ ಭಟ್ಟರೊಬ್ಬರು ಇಳಿದರು. ವಾಚ್‌ಮನ್ ತಡೆದ.

"ಅರೇ, ಗುರುಜೀ ಹೈ!" ಎಂದರು ಮಲ್ಲಕ್ಕ, ಭಟ್ಟರನ್ನು ತೋರಿಸಿ.

ಶಾಲೆಯಲ್ಲಿ ಗುರುಜಿ ಎಂದರೆ ಮಾಸ್ತರು. ವಾಚ್‌ಮನ್ ಸಲಾಮು ಹೊಡೆದು ಗೇಟು ತೆರೆದ. ತನ್ನ ಕತೆ ಕೇಳಲು ಮಲ್ಲಕ್ಕ ಯಾರೋ ಹಿರಿಯರನ್ನು ಕರೆತಂದಿದ್ದಾರೆ ಎಂದುಕೊಂಡ ಗುರುಬಸವ.

ಲೈಬ್ರರಿಯ ಲಿಜಿ ಮಿಸ್ ಕೊಟ್ಟಾಯಂನಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಮರಾಠಿಯೂ ಬಾರದು, ಕನ್ನಡವೂ ಬಾರದು. ಬಾಳೆಗಿಡ, ಧೋತರ ನೋಡಿ ಅವರ ಕಣ್ಣು ಅರಳಿತು. "ವಾವ್! ಸ್ನೇಹಲ್, ಯುವರ್ ಗ್ರ್ಯಾಂಡ್‌ಫಾದರ್ ಆಲ್ಸೋ?" ಎಂದು ಗುರುಜಿಗೆ ಕೈಮುಗಿದರು. ಯಾರೂ ಅಲ್ಲಗಳೆಯುವ ಮೊದಲೇ ಪ್ರೀತಮ್ ಕಪಾಟುಗಳಿಗೆ ಬಾಳೆ ಕಟ್ಟಿದ, ಗುರುಜಿ ಮಣೆ ಹಾಕಿ ಕಲಶ ಇಟ್ಟರು, "ಯಜಮಾನ, ಬಸಾ!" ಎಂದು ಗುರುಬಸವನನ್ನು ಎಳೆದು ಕೂರಿಸಿದರು. ಮಲ್ಲಕ್ಕ ಅವನ ಕಿಸೆಗೇ ಕೈಹಾಕಿ ವೈಶಾಲಿಯನ್ನು ತೆಗೆದು ಬಾಜೂಕ ಇಟ್ಟರು.

ಆಗ ಗುರುಬಸವನ ತಲೆಯಲ್ಲಿ ದೀಪ ಹತ್ತಿತು. ಅಯ್ಯಯ್ಯೋ, ಇದು ಆ ಕಥಾ!

"ಇದು ಹಂಗಲ್ಲ" ಎನ್ನಲು ಬಾಯಿ ತೆರೆದ. ಎದುರಿಗೆ ಇಡೀ ತರಗತಿ ಸುಮ್ಮನೆ ಕೂತು ತನ್ನತ್ತಲೇ ನೋಡುತ್ತಿತ್ತು. ನಡುವೆ ಸ್ನೇಹಲ್, ಉಸಿರು ಬಿಗಿಹಿಡಿದು. ಇದು ಹಂಗಲ್ಲ ಎಂದರೆ, ಹೆಂಗೆ ಎಂಬುದನ್ನು ತಾನೇ ಹೇಳಬೇಕು. ನರಿ ಮೊದಲೇ ಕಾಡು ಸೇರಿತ್ತು, ಒಂದು ಪದವೂ ನೆನಪಿಲ್ಲ. ಗುರುಬಸವ ಬಾಯಿ ಮುಚ್ಚಿ ಕೈ ಜೋಡಿಸಿದ.

ಗುರುಜಿಗೆ ವಿಕ್ರೋಳಿಯಲ್ಲಿ ಇನ್ನೊಂದು ಪೂಜೆಯಿತ್ತು. ಅವರ ಮರಾಠಿ ಯಾವ ಸ್ಟೇಶನ್ನಿನಲ್ಲೂ ನಿಲ್ಲದ ಫಾಸ್ಟ್ ಗಾಡಿಯಂತೆ ಓಡಿತು. ಆದರೂ ಕತೆಯ ರುಚಿ ಬಲ್ಲ ಮನುಷ್ಯ. ಕತೆಯ ವ್ಯಾಪಾರಿ ಸರಕು ತುಂಬಿದ ತನ್ನ ಹಡಗಿನೊಳಗೆ ಬಗ್ಗಿ ನೋಡಿದರೆ ಬರೀ ಎಲೆ, ಬಳ್ಳಿ ಎನ್ನುವಾಗ ಅವರೇ ಬಗ್ಗಿ ಕಲಶದೊಳಗೆ ನೋಡಿದರು. ಮಕ್ಕಳೆಲ್ಲ ಒಟ್ಟಿಗೆ ಬಗ್ಗಿದರು. "ಪುಢೇ ಕಾಯ್ ಝಾಲಂ?" ಮುಂದೇನಾಯಿತು ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಐದೂ ಅಧ್ಯಾಯ ಮುಗಿದು ಚಪ್ಪಾಳೆ ಬಿದ್ದಾಗ ಲಿಜಿ ಮಿಸ್ ಕಣ್ಣೊರೆಸಿಕೊಳ್ಳುತ್ತಿದ್ದರು. ಗುರುಜಿ ಪ್ರಸಾದಕ್ಕೂ ನಿಲ್ಲದೆ ವಿಕ್ರೋಳಿಗೆ ಓಡಿದರು.

ಶಿರಾ ಹಂಚಿದರು. ಆ ದಿನದ ಮೊದಲ ತುತ್ತು ಗುರುಬಸವನ ನಾಲಗೆಯ ಮೇಲೆ ತುಪ್ಪದಂತೆ ಜಾರಿತು. ಒಂದು ಮಾತೂ ಆಡದೆ ಗಂಡಾಂತರ ದಾಟಿದ್ದ. ಎದೆಯ ಮೇಲಿಂದ ಬಾಟಲಿ ಮುಚ್ಚಳದ ಗೋಣಿಯೊಂದನ್ನು ಯಾರೋ ಇಳಿಸಿದಂತಾಯಿತು.

ಸ್ನೇಹಲ್ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಪಪ್ಪಾ, ಯೇ ತೋ ಮರಾಠಿ ಥಾ."

"ಶ್ಶ್! ಶಿರಾ ತಿನ್ನವ್ವಾ."

"ಲೇಕಿನ್ ಕನ್ನಡಾ?"

"ನಾ ಬಂದೆನೋ ಇಲ್ಲೋ?"

ಸ್ನೇಹಲ್ ಧೋತರ ಉಟ್ಟ ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. "ಬಂದ್ರಿ," ಎಂದು ನಕ್ಕು, ಅವನ ಕಿರುಬೆರಳು ಹಿಡಿದಳು. "ಕಟ್ಟಿ ಕ್ಯಾನ್ಸಲ್."

ಗುರುಬಸವನಿಗೆ ಇನ್ನೇನೂ ಬೇಕಿರಲಿಲ್ಲ. ಆಗಲೇ ಲಿಜಿ ಮಿಸ್ ಬಂದರು. ಇಂಗ್ಲಿಷು, ಹಿಂದಿ ಕಲೆಸಿ ಅವರು ಹೇಳಿದ್ದರ ಸಾರ ಇಷ್ಟು: ಕನ್ನಡ ಇಷ್ಟು ಸುಂದರವೆಂದು ತನಗೆ ಗೊತ್ತೇ ಇರಲಿಲ್ಲ. ಆದರೆ ಬರುವ ತಿಂಗಳು ಮರಾಠಿಯ ಪಾಳಿ, ಮರಾಠಿ ಮನೆಯವರು ಒಬ್ಬರೂ ಒಪ್ಪುತ್ತಿಲ್ಲ, ಏನು ಮಾಡುವುದೋ.

"ಮಿಸ್! ಮಿಸ್!" ಸ್ನೇಹಲ್ ಅಭಿಮಾನದಿಂದ ಕೈ ಎತ್ತಿದಳು. "ಮೇರೇ ಪಪ್ಪಾ ಕೋ ಮರಾಠಿ ಭೀ ಆತಾ ಹೈ! ಫ್ಯಾಕ್ಟರೀ ಮೇ ಸಬ್ ಕೋ ಮರಾಠಿ ಮೇ ಡಾಂಟತೇ ಹೈ!"

ಕಾರ್ಖಾನೆಯಲ್ಲಿ ಎಲ್ಲರನ್ನೂ ಮರಾಠಿಯಲ್ಲಿ ಬೈಯುವ ಗುರುಬಸವನ ಬಾಯಿ ತುಂಬ ಈಗ ಶಿರಾ ಇತ್ತು. ಇಲ್ಲ ಎಂದು ತಲೆಯಾಡಿಸೋಣವೆಂದರೆ ಕಿರುಬೆರಳು ಮಗಳ ಕೈಯಲ್ಲಿತ್ತು. ಹೋಗಲಿ, ಅದೇ ಗುರುಜಿ ಇದ್ದಾರಲ್ಲ, ಅವರದ್ದು ಅಪ್ಪಟ ಮರಾಠಿ ಎಂಬ ಧೈರ್ಯದಲ್ಲಿ ಹೂಂ ಎಂದು ತಲೆ ಕುಣಿಸಿದ.

"ಥ್ಯಾಂಕ್ಯೂ ಸರ್!" ಲಿಜಿ ಮಿಸ್ ಅವನ ಎರಡೂ ಕೈ ಹಿಡಿದು ಕುಲುಕಿದರು. ಆಮೇಲೆ, ಯಾರಿಗೂ ನೋವಾಗಬಾರದೆಂದು, ಅದೇ ಕಲಬೆರಕೆ ಭಾಷೆಯಲ್ಲಿ ದನಿ ತಗ್ಗಿಸಿ ಹೇಳಿದರು. "ಒಂದೇ ಒಂದು ಮಾತು. ಆವತ್ತು ನೀವೇ ಹೇಳಬೇಕು. ಅಜ್ಜನವರನ್ನು ಕರೆತರಬೇಡಿ. ಪಾಪ, ಅವರಿಗೆ ಬರುವುದು ಕನ್ನಡ ಒಂದೇ."